ಹೊಳೆ ಇಳಿದ ಮೇಲೆ ಓಣಿ ಎಬ್ಬಿಸೋದು ಹೇಗೆ: ಮೊದಲು ನೋಟ್‌ಬುಕ್, ಆಮೇಲೆ ಸಲಿಕೆ

ನಮ್ಮದು ಮುಧೋಳ ತಾಲ್ಲೂಕು, ಘಟಪ್ರಭಾ ದಂಡೆಯ ಊರು. ಇಲ್ಲಿ ಹೊಳೆ ಬರಬೇಕಾದರೆ, ಅಂದರೆ ನೆರೆ ನುಗ್ಗಬೇಕಾದರೆ, ಇಲ್ಲೇ ಮಳೆ ಆಗಬೇಕು ಅಂತೇನಿಲ್ಲ. ಸಹ್ಯಾದ್ರಿ ಕಡೆ ನಾಲ್ಕು ದಿನ ಬಿಡದೆ ಸುರಿದರೆ ಸಾಕು. ಹಿಡಕಲ್ ಜಲಾಶಯದಿಂದ ನೀರು ಬಿಡುತ್ತಾರೆ, ದಾರಿಯಲ್ಲಿ ಹಿರಣ್ಯಕೇಶಿ ಸೇರುತ್ತದೆ, ಮಾರ್ಕಂಡೇಯ ಸೇರುತ್ತದೆ, ಗೋಕಾಕದ ಲೋಳಸೂರ ಸೇತುವೆ ಮುಳುಗಿತಂತೆ ಅಂತ ಫೋನ್ ಬಂದ ಕೂಡಲೇ ನಾವು ಜೋಳದ ಚೀಲ ಮಾಳಿಗೆಗೆ ಏರಿಸಲು ಶುರು ಮಾಡುತ್ತೇವೆ. ಆಗ ತಲೆ ಎತ್ತಿ ನೋಡಿದರೆ ನಮ್ಮ ಮೇಲೆ ಬಿಸಿಲು! 2019ರ ಆಗಸ್ಟ್‌ನಲ್ಲಿ ಹೀಗೇ ಬಂತು. 2021ರ ಜುಲೈನಲ್ಲಿ ಬಂತು. 2024ರ ಜುಲೈನಲ್ಲಿ ಮತ್ತೆ ಬಂತು.

2019ರಲ್ಲಿ ನಾವು ಎಲ್ಲವನ್ನೂ ತಪ್ಪಾಗಿ ಮಾಡಿದೆವು. ನೀರು ಇಳಿದ ಮರುದಿನವೇ ಲಾರಿಗಳು ಬಂದವು. ಬಿಸ್ಕತ್ತು, ನೀರಿನ ಬಾಟಲಿ, ಚಾದರ, ಗಂಟುಗಟ್ಟಲೆ ಹಳೇ ಬಟ್ಟೆ. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆ ಪಕ್ಕದ ಒಂದು ಮನೆಗೆ ಏಳು ಚಾದರ ಬಂದವು, ಹಿಂದಿನ ಓಣಿಗೆ ಒಂದೂ ಬರಲಿಲ್ಲ. ಬಿಸ್ಕತ್ತು ರಾಶಿ ಬಿದ್ದು ನೆನೆದು ಹೋಯಿತು, ಸಲಿಕೆ ಮಾತ್ರ ಇಡೀ ಓಣಿಗೆ ಮೂರೇ ಇದ್ದವು. ಯಾರಿಗೆ ಏನು ಬೇಕು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ ಅರ್ಧ ಜಗಳ ಆಗುತ್ತಲೇ ಇರಲಿಲ್ಲ.

ಮುಂದಿನ ಎರಡು ಸಲ ಬರೆದಿಟ್ಟೆವು. ಅದರಿಂದ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಕೃಷ್ಣಾ ದಂಡೆಯ ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆಯವರಿಗೂ, ಮಲಪ್ರಭಾ ದಂಡೆಯ ರಾಮದುರ್ಗ, ಬಾದಾಮಿ ಕಡೆಯವರಿಗೂ, ಭೀಮಾ ದಂಡೆಯ ಇಂಡಿಯವರಿಗೂ ಇದು ಹೊಂದುತ್ತದೆ ಅಂದುಕೊಂಡಿದ್ದೇನೆ. ಹೊಳೆ ಬೇರೆ, ರಾಡಿ ಒಂದೇ.

ಮೊದಲು ಹೊರಗೆ ನಿಂತು ನೋಡಿ

ನೀರು ಇಳಿದ ದಿನ ಎಲ್ಲರಿಗೂ ಅವಸರ. ಕಾಳಜಿ ಕೇಂದ್ರ ಅಂತ ಮಾಡಿದ ಶಾಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿ ಸಾಕಾಗಿರುತ್ತದೆ, ಮನೆ ಏನಾಗಿದೆಯೋ ಅಂತ ಜೀವ ಎಳೆಯುತ್ತಿರುತ್ತದೆ. ಆದರೂ ಒಳಗೆ ಓಡಬೇಡಿ. ನಮ್ಮ ಕಡೆ ಹಳೇ ಮನೆ ಅಂದರೆ ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನೀರಲ್ಲಿ ನಿಂತಾಗ ಬೀಳದ ಗೋಡೆ ನೀರು ಹೋದ ಮೇಲೆ ಬೀಳುತ್ತದೆ. ಒಳಗಿನ ಮಣ್ಣು ನೆನೆದು ಅಂಬಲಿಯಾಗಿರುತ್ತದೆ, ಎರಡೂ ಕಡೆಯಿಂದ ಒತ್ತಿ ಹಿಡಿದಿದ್ದ ನೀರು ಈಗ ಇರೋದಿಲ್ಲ. ಬುನಾದಿ ಕೆಳಗೆ ಎರೆ ಮಣ್ಣಿದ್ದರಂತೂ ಕೇಳಲೇಬೇಡಿ. ನೆನೆದಾಗ ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ, ಮೇಲಿನ ಗೋಡೆಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಮೊದಲ ದಿನ ಮಾತ್ರ ಅಲ್ಲ, ಎರಡು ಮೂರು ವಾರ ಇದನ್ನು ನೋಡುತ್ತಲೇ ಇರಬೇಕು.

ನಾವು ಮಾಡಿದ್ದು ಇಷ್ಟು. ಓಣಿಯ ಒಬ್ಬ ಗೌಂಡಿ (ಮನೆ ಕಟ್ಟುವ ಮೇಸ್ತ್ರಿ) ಕಾಕಾನನ್ನು ಕರೆದುಕೊಂಡು ಇಬ್ಬರು ಹುಡುಗರು ಮನೆ ಮನೆ ಸುತ್ತಿದರು. ಗೋಡೆ ಹೊಟ್ಟೆ ಬಿಟ್ಟಿದೆಯಾ, ಬಾಗಿಲು ಕಿಟಕಿ ಮೂಲೆಯಲ್ಲಿ ಓರೆ ಬಿರುಕು ಇದೆಯಾ, ಮಾಳಿಗೆಯ ತೊಲೆ ಜಗ್ಗಿದೆಯಾ ಅಂತ ಹೊರಗಿನಿಂದಲೇ ನೋಡಿ ಬಾಗಿಲ ಪಕ್ಕ ಗುರುತು ಹಾಕಿದರು. ಒಂದು ಗೆರೆ ಅಂದರೆ ಹೋಗಬಹುದು. ಎರಡು ಗೆರೆ ಅಂದರೆ ಹಗಲು ಹೊತ್ತಲ್ಲಿ ಮಾತ್ರ, ಮಲಗುವಂತಿಲ್ಲ. ಗುಣಾಕಾರದ ಗುರುತು ಇದ್ದರೆ ಯಾರೂ ಹೋಗುವಂತಿಲ್ಲ. ಬಾಗಿಲು ಬಿಗಿಯಾಗಿ ತೆಗೆಯಲು ಬರದಿದ್ದರೆ ಒದೆಯಬೇಡಿ, ಮೇಲಿನ ಭಾರ ಆ ಚೌಕಟ್ಟಿನ ಮೇಲೆ ಕೂತಿರಬಹುದು.

ಕರೆಂಟಿನ ವಿಷಯದಲ್ಲಿ ಹುಷಾರು. ಮೀಟರ್ ಬೋರ್ಡ್ ಮುಳುಗಿದ್ದರೆ ಮೇನ್ ಸ್ವಿಚ್ ಮುಟ್ಟಲೇಬೇಡಿ. ಹೆಸ್ಕಾಂ ಸಹಾಯವಾಣಿ 1912. ಒಬ್ಬೊಬ್ಬರೇ ಫೋನ್ ಮಾಡುವ ಬದಲು, ಇಂಥ ಟಿಸಿಯ (ಟ್ರಾನ್ಸ್‌ಫಾರ್ಮರ್) ಕೆಳಗಿನ ಇಷ್ಟು ಮನೆ ಅಂತ ಓಣಿಯ ಪರವಾಗಿ ಒಂದೇ ದೂರು ಕೊಡಿ. ಲೈನ್‌ಮನ್ ನೋಡಿ ಸರಿ ಅಂದ ಮನೆಗೆ ಮಾತ್ರ ಕರೆಂಟ್.

ಇನ್ನು ಹಾವು. ನೀರಿಗೆ ಹೆದರಿ ಅವೂ ಎತ್ತರದ ಜಾಗ ಹುಡುಕುತ್ತವೆ, ನಿಮ್ಮ ಕಟ್ಟಿಗೆ ಒಟ್ಟಿದ ಜಾಗವೇ ಅವಕ್ಕೂ ಬೇಕು. ಕೈ ಹಾಕುವ ಮೊದಲು ಕೋಲು ಹಾಕಿ. ಕಡಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಏನೂ ಬೇಡ. ಕಡಿದ ಕೈ ಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ, ನೇರ ತಾಲ್ಲೂಕು ಆಸ್ಪತ್ರೆಗೆ.

ಫೋಟೋ ತೆಗೆಯೋ ತನಕ ಕಸಬರಿಗೆ ಮುಟ್ಟಬೇಡಿ

ಇದು ಹೇಳೋದು ಸುಲಭ, ಮಾಡೋದು ಕಷ್ಟ. ಹೆಣ್ಣುಮಕ್ಕಳಿಗೆ ಮನೆ ಆ ಸ್ಥಿತಿಯಲ್ಲಿ ನೋಡಿ ಸುಮ್ನೆ ನಿಲ್ಲೋಕೆ ಆಗೋದಿಲ್ಲ. ಆದರೆ ಸರ್ವೆಯವರು ಬರುವ ಹೊತ್ತಿಗೆ ನೀವು ತೊಳೆದು ಸಾರಿಸಿ ಇಟ್ಟಿದ್ದರೆ, "ಇಲ್ಲೇನೂ ಆಗಿಲ್ಲಲ್ರೀ" ಅಂತ ಬರೆದುಕೊಂಡು ಹೋಗುತ್ತಾರೆ. 2019ರಲ್ಲಿ ಓಣಿಯ ಅತ್ಯಂತ ಚೊಕ್ಕ ಮನೆಯ ಅಕ್ಕನಿಗೇ ಅತಿ ಕಡಿಮೆ ಪರಿಹಾರ ಬಂತು.

ಪ್ರತಿ ಕೋಣೆಯ ನಾಲ್ಕು ಮೂಲೆಯಿಂದ ಒಂದೊಂದು ಫೋಟೋ. ಗೋಡೆ ಮೇಲೆ ನೀರು ನಿಂತ ಗೆರೆ ಕಾಣಬೇಕು, ಅದರ ಪಕ್ಕದಲ್ಲಿ ಮನೆಯವರು ಒಬ್ಬರು ನಿಲ್ಲಬೇಕು, ಎತ್ತರ ಗೊತ್ತಾಗಲಿ ಅಂತ. ಹೊರಗಿನಿಂದ ಮನೆ ನಂಬರ್ ಕಾಣುವ ಹಾಗೆ ಒಂದು. ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಬಿದ್ದ ಗೋಡೆ, ಕೊಚ್ಚಿ ಹೋದ ಕಾಳಿನ ಚೀಲ, ನೆನೆದ ಹೊಲಿಗೆ ಮಷೀನು, ಎಲ್ಲವೂ. ನಮ್ಮಲ್ಲಿ ಕಾಲೇಜಿಗೆ ಹೋಗುವ ಮೂವರು ಹುಡುಗಿಯರು ಒಂದೇ ದಿನದಲ್ಲಿ ಇಡೀ ಓಣಿ ಮುಗಿಸಿದರು. ಆ ಫೋಟೋಗಳನ್ನು ಎರಡು ಫೋನಿನಲ್ಲಿ ಇಡಿ, ಒಂದು ಹಾಳಾದರೆ ಇನ್ನೊಂದು ಇರುತ್ತದೆ.

ಕಾಗದಪತ್ರ ನೆನೆದಿದ್ದರೆ ಬಿಸಿಲಿಗೆ ಹರಡಬೇಡಿ, ಎಳೆದು ಬಿಡಿಸಲೂ ಹೋಗಬೇಡಿ. ನೆರಳಲ್ಲಿ ಗಾಳಿಗೆ ಇಟ್ಟು, ಹಾಳೆ ನಡುವೆ ಒಣ ಕಾಗದ ಸೇರಿಸುತ್ತಾ ಬನ್ನಿ. ನಮ್ಮ ಮಾಮಾ ಒಬ್ಬರು ಮಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಹೀಗೆ ಎರಡು ದಿನ ಕಾದು ಉಳಿಸಿಕೊಂಡರು.

ಬಾಗಿಲು ಎಣಿಸಬೇಡಿ, ಒಲೆ ಎಣಿಸಿ

ಈಗ ನೋಟ್‌ಬುಕ್. ಇನ್ನೂರು ಪುಟದ, ರಟ್ಟಿನ ಹೊದಿಕೆ ಇರುವ ಸಾದಾ ನೋಟ್‌ಬುಕ್ ಸಾಕು. ಆಪ್, ಎಕ್ಸೆಲ್ ಎಲ್ಲ ಆಮೇಲೆ. ಮೊದಲ ವಾರ ಫೋನ್ ಚಾರ್ಜ್ ಮಾಡಲು ಕರೆಂಟೇ ಇರೋದಿಲ್ಲ, ಮತ್ತೆ ಫೋನಿನೊಳಗಿನ ಪಟ್ಟಿ ಓಣಿಯ ಮುತ್ಯಾನ ಕಣ್ಣಿಗೆ ಬೀಳೋದಿಲ್ಲ. ನೋಟ್‌ಬುಕ್ ಕಟ್ಟೆ ಮೇಲೆ ಇದ್ದರೆ ಯಾರು ಬೇಕಾದರೂ ತೆರೆದು ನೋಡಬಹುದು.

ನಾವು ಮೊದಲು ಮನೆ ನಂಬರ್ ಪ್ರಕಾರ ಬರೆಯಲು ಶುರು ಮಾಡಿದೆವು. ಅದು ತಪ್ಪು. ನಮ್ಮ ಕಡೆ ಒಂದೇ ತಲಬಾಗಿಲು, ಒಂದೇ ಉತಾರ (ಆಸ್ತಿಯ ದಾಖಲೆ), ಒಳಗೆ ಹೋದರೆ ಅಣ್ಣ ತಮ್ಮಂದಿರ ಮೂರು ಸಂಸಾರ, ಮೂರು ಒಲೆ. ಕಾಗದದಲ್ಲಿ ಪಾಲಾಗಿರೋದಿಲ್ಲ. ಪರಿಹಾರವಾಗಲಿ ದಿನಸಿ ಕಿಟ್ ಆಗಲಿ ಬಾಗಿಲಿಗೆ ಒಂದು ಅಂತ ಬಂದರೆ ದೊಡ್ಡಣ್ಣನ ಕೈಗೆ ಹೋಗುತ್ತದೆ, ಉಳಿದ ಎರಡು ಒಲೆ ಹೊತ್ತೋದಿಲ್ಲ. ಅದೇ ಥರ ಹಿತ್ತಲ ಕೋಣೆಯಲ್ಲಿ ಬಾಡಿಗೆಗೆ ಇರುವವರು, ಇಟ್ಟಿಗೆ ಭಟ್ಟಿಗೆ ಬಂದು ಗುಡಿಸಲು ಹಾಕಿಕೊಂಡವರು, ಗಂಡ ಸತ್ತ ಮೇಲೆ ತವರಿನ ಪಡಸಾಲೆಯಲ್ಲಿ ಬೇರೆ ಅಡಿಗೆ ಮಾಡಿಕೊಂಡಿರುವ ಹೆಣ್ಣುಮಗಳು, ಇವರ್ಯಾರೂ ಬಾಗಿಲ ಲೆಕ್ಕದಲ್ಲಿ ಬರೋದಿಲ್ಲ. ಹಾಗಾಗಿ ಒಂದು ಒಲೆಗೆ ಒಂದು ಪುಟ.

ಪುಟದಲ್ಲಿ ಏನಿರಬೇಕು? ಒಲೆ ನಡೆಸುವವರ ಹೆಸರು, ಫೋನ್ ನಂಬರ್, ಎಷ್ಟು ಜನ, ಅದರಲ್ಲಿ ಕೂಸು, ಬಸುರಿ, ಬಾಣಂತಿ, ಹಾಸಿಗೆ ಹಿಡಿದವರು ಎಷ್ಟು. ದಿನಾ ನುಂಗುವ ಗುಳಿಗೆ ಇದೆಯಾ, ಬಿಪಿ, ಸಕ್ಕರೆ ಕಾಯಿಲೆ ಇತ್ಯಾದಿ. ಎಷ್ಟು ಅಡಿ ನೀರು ನಿಂತಿತ್ತು, ಎಷ್ಟು ದಿನ. ಗೌಂಡಿ ಹಾಕಿದ ಗುರುತು. ಸತ್ತ, ಕಳೆದುಹೋದ ದನ ಕರು. ಯಾವ ಕಾಗದ ಹೋಯಿತು. ಕೊನೆಯಲ್ಲಿ ಎರಡು ಖಾನೆ: ಈಗ ಏನು ಬೇಕು, ನಾವೇನು ಕೊಡಬಲ್ಲೆವು. ಈ ಎರಡನೇ ಖಾನೆ ಬಿಡಬೇಡಿ. ಮನೆ ಪೂರ್ತಿ ಕಳೆದುಕೊಂಡ ಒಬ್ಬ ಅಣ್ಣ ಅಲ್ಲಿ "ಟ್ರ್ಯಾಕ್ಟರ್ ಇದೆ, ಡೀಸೆಲ್ ಹಾಕಿಸಿ" ಅಂತ ಬರೆಸಿದ. ಅಲ್ಲಿಂದ ಅವನು ಪರಿಹಾರಕ್ಕೆ ಕಾಯುವವನಾಗಿ ಉಳಿಯಲಿಲ್ಲ, ಕೆಲಸ ನಡೆಸುವವನಾದ. ಆಧಾರ್ ನಂಬರ್, ಬ್ಯಾಂಕ್ ಖಾತೆ ನಂಬರ್ ಮಾತ್ರ ಪೂರ್ತಿ ಬರೆಯಬೇಡಿ, ಎಲ್ಲರೂ ನೋಡುವ ಪುಸ್ತಕ ಅದು.

ಬರೆಯುವವರು ಇಬ್ಬರು ಇರಲಿ, ಒಬ್ಬರಾದರೂ ಹೆಣ್ಣುಮಕ್ಕಳು. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಅಕ್ಕ ಇದ್ದರೆ ಅವರಿಗಿಂತ ಯೋಗ್ಯರು ಯಾರೂ ಇಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಅಕ್ಕ ಜೊತೆಗಿದ್ದರೆ ಬಸುರಿ ಬಾಣಂತಿ ಲೆಕ್ಕ ತಪ್ಪೋದಿಲ್ಲ.

ಸಂಜೆ ಹನುಮಂತ ದೇವರ ಕಟ್ಟೆಯಲ್ಲಿ ಕೂತು ಪಟ್ಟಿಯನ್ನು ದೊಡ್ಡ ದನಿಯಲ್ಲಿ ಓದಿ. ಒಂದೊಂದೇ ಹೆಸರು. ಬೇಜಾರಾದರೂ ಪೂರ್ತಿ ಓದಿ. 2021ರಲ್ಲಿ ಓದಿ ಮುಗಿಸಿ ನೋಟ್‌ಬುಕ್ ಮುಚ್ಚಿದ ಮೇಲೆ ಹಿಂದಿನ ಸಂದಿಯ ಚಿಗವ್ವ ಮೆಲ್ಲಗೆ, "ನಂದು ಬರಕೊಂಡಿಲ್ಲಲ್ಲಪ್ಪಾ" ಅಂದಳು. ಬರೆಯುವವರು ಅವಳ ಬಾಗಿಲ ಮುಂದಿಂದಲೇ ಎರಡು ಸಲ ಹೋಗಿದ್ದರು! ಬಾಗಿಲು ಹಾಕಿತ್ತು, ಅವಳು ಮಗಳ ಮನೆಯಲ್ಲಿ ಇದ್ದಳು. ಓದದೇ ಇದ್ದಿದ್ದರೆ ಅವಳು ಕೊನೆವರೆಗೂ ಪಟ್ಟಿಯಲ್ಲಿ ಬರುತ್ತಲೇ ಇರಲಿಲ್ಲ. ಓದಿದಾಗ ಸುಳ್ಳೂ ಉಳಿಯೋದಿಲ್ಲ. ಯಾರೋ ಒಬ್ಬರು ಎಂಟು ಕುರಿ ಹೋದವು ಅಂತ ಬರೆಸಿದ್ದರು, ಓದುವಾಗ ಹಿಂದಿನಿಂದ ನಗು ಬಂತು, ಮರುದಿನ ಅವರೇ ಬಂದು ಮೂರು ಅಂತ ತಿದ್ದಿಸಿದರು.

ರಾಡಿ ಹಸಿ ಇದ್ದಾಗಲೇ ತೆಗೆಯಿರಿ

ಹೊಳೆ ತಂದ ರಾಡಿ ಹಸಿ ಇದ್ದಾಗ ಮೊಸರಿನ ಹಾಗೆ ಜಾರುತ್ತದೆ, ನಾಲ್ಕು ದಿನ ಬಿಸಿಲು ಬಿದ್ದರೆ ಇಟ್ಟಿಗೆ. ಆಮೇಲೆ ಗುದ್ದಲಿಯೇ ಬೇಕು, ಗುದ್ದಲಿ ಬಿದ್ದರೆ ನೆನೆದ ಗೋಡೆ ಅದುರುತ್ತದೆ. ಅದಕ್ಕೇ ಅವಸರ ಮಾಡೋದಿದ್ದರೆ ಇಲ್ಲಿ ಮಾಡಿ.

ಬಿತ್ತನೆಗೆ, ಕಳೆಗೆ ಮುಯ್ಯಾಳು ಹೋಗೋದು ನಮಗೆ ಹೊಸದಲ್ಲ. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ. ರಾಡಿಗೂ ಅದೇ ಲೆಕ್ಕ. ಎಂಟು ಜನರ ಒಂದು ತಂಡ, ದಿನಕ್ಕೆ ಎರಡು ಮನೆ. ಒಬ್ಬೊಬ್ಬರೇ ತಮ್ಮ ತಮ್ಮ ಮನೆ ತೆಗೆಯಲು ಹೋದರೆ ವಾರ ಹಿಡಿಯುತ್ತದೆ, ಸೊಂಟವೂ ಹೋಗುತ್ತದೆ, ಮನಸ್ಸಂತೂ ಎರಡನೇ ದಿನಕ್ಕೇ ಕುಸಿಯುತ್ತದೆ. ಗುಂಪಲ್ಲಿ ಇದ್ದರೆ ರಾಡಿಯಲ್ಲೂ ಯಾರೋ ಒಬ್ಬ ನಗಿಸುತ್ತಿರುತ್ತಾನೆ.

ಯಾರ ಮನೆ ಮೊದಲು ಅನ್ನೋದೇ ಜಗಳದ ಮೂಲ. ನಮ್ಮ ನಿಯಮ ಸರಳ: ಬಾಣಂತಿ, ಹಾಸಿಗೆ ಹಿಡಿದವರು, ಒಂಟಿ ಮುದುಕರು ಇರುವ ಮನೆ ಮೊದಲು. ಪಟ್ಟಿ ಬರೆದವರ ಮನೆ, ತಂಡದ ಮುಂದಾಳಿನ ಮನೆ ಎಲ್ಲಕ್ಕಿಂತ ಕೊನೆಗೆ. ಈ ಒಂದು ನಿಯಮ ಇಟ್ಟುಕೊಂಡ ಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ನಮ್ಮ ಮುಂದಾಳಿನ ಹೆಂಡತಿ ಮಾತ್ರ ಒಂಬತ್ತು ದಿನ ಅವನ ಜೊತೆ ಮಾತಾಡಲಿಲ್ಲ, ಅದು ಬೇರೆ ಕಥೆ.

ಮನೆಗಿಂತ ಮೊದಲು ಗಟಾರ. ಹೊಳೆ ಕಡೆಯ ತಗ್ಗಿನ ತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಇಲ್ಲದಿದ್ದರೆ ಮೇಲೆ ತೊಳೆದ ನೀರು ಕೆಳಗಿನವರ ಹೊಸ್ತಿಲಿಗೆ ಬರುತ್ತದೆ. ರಾಡಿ ಎಲ್ಲಿ ಹಾಕಬೇಕು ಅಂತ ಪಂಚಾಯಿತಿಯವರ ಜೊತೆ ಮೊದಲೇ ಮಾತಾಡಿ ಒಂದು ಜಾಗ ಗೊತ್ತು ಮಾಡಿಕೊಳ್ಳಿ, ಬಾವಿ, ಬೋರ್‌ವೆಲ್ ಹತ್ತಿರ ಬೇಡ. ಸಲಿಕೆ ಸಾಲದಿದ್ದರೆ ಅಗಲದ ಹಲಗೆಗೆ ಉದ್ದ ಕೋಲು ಬಡಿದು ದೂಡುವ ಸಾಧನ ಮಾಡಿಕೊಳ್ಳಿ, ಹಸಿ ರಾಡಿಗೆ ಸಲಿಕೆಗಿಂತ ಅದೇ ಚೆನ್ನ. ತುಂಬಲು ಖಾಲಿ ಗೊಬ್ಬರದ ಚೀಲ.

ಬರಿಗಾಲಲ್ಲಿ ಇಳಿಯಬೇಡಿ. ರಾಡಿಯೊಳಗೆ ಗಾಜು, ಮೊಳೆ, ಮುಳ್ಳುತಂತಿ ಇರುತ್ತವೆ. ಗಾಯ ಆದರೆ ಟಿಟಿ ಇಂಜೆಕ್ಷನ್ ಹಾಕಿಸಿ. ಇಲಿ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ರಾಡಿ ಕೆಲಸ ಮಾಡಿದವರಿಗೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ಮನೆಯಲ್ಲಿ ಗುಳಿಗೆ ನುಂಗಿ ಕೂರಬೇಡಿ, ನೆರೆ ನೀರಲ್ಲಿ ಕೆಲಸ ಮಾಡಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಸುಮ್ನೆ ಎರಚಬೇಡಿ

ಎಲ್ಲ ಕಡೆ ನೋಡಿದ್ದೇನೆ, ಯಾರೋ ಬಂದು ಒಂದು ಬೊಗಸೆ ಪೌಡರ್ ಬಾವಿಗೆ ಎಸೆದು ಹೋಗುತ್ತಾರೆ. ಅದು ಔಷಧ ಅಲ್ಲ, ಸಮಾಧಾನ ಅಷ್ಟೇ.

ಮೊದಲು ಬಾವಿಯ ಕೊಳಕು ನೀರನ್ನು ಮೋಟಾರ್ ಇಟ್ಟು ಹೊರಹಾಕಿ, ತಳದ ರಾಡಿ ತೆಗೆಯಿರಿ. ಒಂದೇ ಸಲ ಪೂರ್ತಿ ಖಾಲಿ ಮಾಡಬೇಡಿ, ನೆನೆದ ಗೋಡೆ ಒಳಗೆ ಕುಸಿಯಬಹುದು. ಹೊಸ ನೀರು ಬಂದ ಮೇಲೆ ಅಳತೆ ತೆಗೆದುಕೊಳ್ಳಿ. ದುಂಡು ಬಾವಿಯ ಅಗಲ ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಬಂದದ್ದು ಎಷ್ಟು ಸಾವಿರ ಲೀಟರ್ ಅನ್ನೋದು. ನಮ್ಮ ಬಾವಿ 3 ಮೀಟರ್ ಅಗಲ, ನೀರು 4 ಮೀಟರ್. ಲೆಕ್ಕ ಹಾಕಿದರೆ ಸುಮಾರು 28 ಸಾವಿರ ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆ ಪೌಡರ್ ಅಂದರೆ 70 ಗ್ರಾಂ. ಇದು ತಿಳಿ ನೀರಿನ, ಮಾಮೂಲಿ ದಿನಗಳ ಲೆಕ್ಕ. ನೆರೆ ನುಗ್ಗಿದ ಬಾವಿಗೆ ಇದಕ್ಕಿಂತ ಜಾಸ್ತಿ ಬೇಕಾಗುತ್ತದೆ, ಎಷ್ಟು ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದವರು ಪರೀಕ್ಷೆ ಮಾಡಿ ಹೇಳುತ್ತಾರೆ. ಹಳೇ ಪೊಟ್ಟಣ, ಗಟ್ಟಿಯಾದ ಪೌಡರ್ ಬೇಡ, ಅದರಲ್ಲಿ ಕ್ಲೋರಿನ್ ಉಳಿದಿರೋದಿಲ್ಲ.

ಪೌಡರನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಮೊದಲು ಗಟ್ಟಿಯಾಗಿ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ ಬೆರೆಸಿ. ತಳದ ಸುಣ್ಣ ಬಾವಿಗೆ ಬೇಡ. ಒಂದು ತಾಸು ಕಳೆದ ಮೇಲೆ ಕ್ಲೋರಿನ್ ನೋಡಿಸಿ, ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ರಾತ್ರಿ ಹಾಕಿದರೆ ಬೆಳಗ್ಗೆ ಹೊತ್ತಿಗೆ ಅನುಕೂಲ. ಅಷ್ಟಾದರೂ ಮೊದಲ ಕೆಲವು ವಾರ ಕುಡಿಯೋ ನೀರು ಕುದಿಸಿಯೇ ಕುಡಿಯಿರಿ. ಭೇದಿ ಶುರುವಾದರೆ ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಓಆರ್‌ಎಸ್ ಪೊಟ್ಟಣ, ಅರ್ಧ ಅರ್ಧ ಮಾಡಬೇಡಿ.

ದನ ಕರು

ಸತ್ತ ಎಮ್ಮೆಯನ್ನು ವಾಸನೆ ಬರುತ್ತದೆ ಅಂತ ಕೂಡಲೇ ಹೂಳಿದರೆ ಪರಿಹಾರ ಹೋಯಿತು. ಪಶುವೈದ್ಯರು ನೋಡಿ ಮರಣೋತ್ತರ ಪರೀಕ್ಷೆಯ ಕಾಗದ ಕೊಡಬೇಕು. ಅವರು ಬರುವ ತನಕ ಕಿವಿಯ ಓಲೆ ನಂಬರ್ ಕಾಣುವ ಹಾಗೆ ಫೋಟೋ ತೆಗೆದಿಡಿ. ಪಶು ಸಹಾಯವಾಣಿ 1962. 2022ರಿಂದ ಬಂದ ಕೇಂದ್ರದ ಮಾನದಂಡದಲ್ಲಿ ಹಾಲು ಕೊಡುವ ಎಮ್ಮೆ, ಆಕಳಿಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ ಮೇಕೆಗೆ 4,000 ಅಂತ ಇತ್ತು. ಈಗಿನ ದರ ತಹಸೀಲ್ದಾರ್ ಕಚೇರಿಯಲ್ಲಿ ಕೇಳಿಕೊಳ್ಳಿ. ಹೂಳುವಾಗ ಆರಡಿ ಆಳ, ಮೇಲೆ ಸುಣ್ಣ, ಬಾವಿ ಹಳ್ಳದಿಂದ ದೂರ. ಬದುಕಿದವಕ್ಕೆ ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಹಾಕಿಸಿ. ನೆನೆದು ಬೂಸ್ಟು ಹಿಡಿದ ಕಣಿಕೆ ಹಾಕಬೇಡಿ. ಮೇವು ಯಾರಾದರೂ ಕಳಿಸುತ್ತೇವೆ ಅಂದರೆ ಬಿಸ್ಕತ್ತಿಗಿಂತ ಮೊದಲು ಅದಕ್ಕೆ ಹೂಂ ಅನ್ನಿ.

ಲಾರಿ ಬಂದಾಗ

ಕೊಡುವವರಿಗೆ ನಾವೇ ಹೇಳಬೇಕು, ಅವರಿಗೆ ಹೇಗೆ ಗೊತ್ತಾಗಬೇಕು? ನೋಟ್‌ಬುಕ್ಕಿನ "ಈಗ ಏನು ಬೇಕು" ಖಾನೆ ಕೂಡಿಸಿ, ದಿನಾ ಬೆಳಗ್ಗೆ ಒಂದೇ ಮೆಸೇಜು ಹಾಕಿ. ನಾವು 2024ರಲ್ಲಿ ಹಾಕಿದ್ದು ಹೀಗಿತ್ತು: "ನಮ್ಮ ಓಣಿ, 64 ಒಲೆ. ಇವತ್ತು ಬೇಕಾಗಿದ್ದು: ಸಲಿಕೆ 15, ತಾಡಪತ್ರಿ 20, ಗಮ್ ಬೂಟು, ಸ್ಯಾನಿಟರಿ ಪ್ಯಾಡ್, ಒಳ ಉಡುಪು ಹೊಸದು, ಪಾತ್ರೆ ಸೆಟ್ 11. ಬೇಡದ್ದು: ಹಳೇ ಬಟ್ಟೆ, ಬಿಸ್ಕತ್ತು, ಬೇಯಿಸಿದ ಅನ್ನ. ರೊಟ್ಟಿ ತರುವವರು ನಾಳೆ ತನ್ನಿ, ಇವತ್ತಿಗೆ ಸಾಕಷ್ಟಿದೆ." ಬೇಡ ಅನ್ನಲು ಮುಜುಗರ ಆಗುತ್ತದೆ ನಿಜ. ಆದರೆ ಬೇಡದ ಬಟ್ಟೆ ಗಂಟನ್ನು ಕೊನೆಗೆ ಸುಡಬೇಕಾಗಿ ಬಂದಾಗ ಆಗುವ ಮುಜುಗರ ಅದಕ್ಕಿಂತ ದೊಡ್ಡದು. ಕಟಕ ರೊಟ್ಟಿ, ಶೇಂಗಾ ಚಟ್ನಿ ಮಾತ್ರ ಯಾವಾಗಲೂ ಸ್ವಾಗತ. ಕೆಡೋದಿಲ್ಲ, ಬಿಸಿ ಮಾಡಬೇಕಾಗಿಲ್ಲ, ಹೊಟ್ಟೆಗೆ ಒಗ್ಗಿದ್ದು.

ಲಾರಿಯನ್ನು ರಸ್ತೆ ಮೇಲೆ ಬಿಚ್ಚಲು ಬಿಡಬೇಡಿ. ಎಲ್ಲ ಒಂದು ಕಡೆ ಇಳಿಸಿ, ಎಣಿಸಿ, ನೋಟ್‌ಬುಕ್ ನೋಡಿ ಹಿಂದಿನ ಸಂದಿಯಿಂದ ಹಂಚುತ್ತಾ ಮುಂದೆ ಬನ್ನಿ. ತೆಗೆದುಕೊಂಡವರ ಸಹಿ ಅಥವಾ ಹೆಬ್ಬೆಟ್ಟು. ಹಂಚುವವರಲ್ಲಿ ಹೆಣ್ಣುಮಕ್ಕಳು ಇರಲೇಬೇಕು, ಪ್ಯಾಡ್ ಬೇಕು ಅಂತ ಗಂಡಸರ ಮುಂದೆ ಯಾವ ಹುಡುಗಿ ಕೇಳುತ್ತಾಳೆ? ಒಂದು ಗುಂಪಿನವರು ಬ್ಯಾನರ್ ಹಿಡಿದು ಬಂದು, ಫೋಟೋ ಸರಿ ಬರಲಿಲ್ಲ ಅಂತ ಚಿಗವ್ವನ ಕೈಗೆ ಅದೇ ಕಿಟ್ಟನ್ನು ಮೂರು ಸಲ ಕೊಟ್ಟು ತೆಗೆದುಕೊಂಡರು. ಅವತ್ತಿನಿಂದ ಹಂಚುವ ಜಾಗದಲ್ಲಿ ಫೋಟೋ ಇಲ್ಲ ಅಂತ ಹಲಗೆ ಬರೆದು ಹಾಕಿದೆವು. ಬೇಕಾದರೆ ರಾಡಿ ತೆಗೆಯುವಾಗ ತೆಗೆಯಲಿ, ಜೊತೆಗೆ ಸಲಿಕೆ ಹಿಡಿಯಲಿ.

ದುಡ್ಡು ಬಂದರೆ ಯಾರೊಬ್ಬರ ಫೋನ್ ಪೇ ನಂಬರಿಗೂ ಬೇಡ, ಎಷ್ಟೇ ಒಳ್ಳೆಯವರಾಗಿರಲಿ. ಈಗಾಗಲೇ ಇರುವ ಸಂಘದ ಖಾತೆ, ಎರಡು ಸಹಿ, ದಿನಾ ಸಂಜೆ ಬಂದದ್ದು ಹೋದದ್ದು ಗುಡಿ ಗೋಡೆಯ ಕಪ್ಪು ಹಲಗೆ ಮೇಲೆ. ಒಳ್ಳೆಯವರ ಹೆಸರು ಕೆಡೋದು ಹೆಚ್ಚಾಗಿ ಲೆಕ್ಕ ತೋರಿಸದೇ ಇರೋದರಿಂದ, ತಿಂದದ್ದರಿಂದ ಅಲ್ಲ.

ಸರ್ವೆಯವರು ಬಂದಾಗ ಜೊತೆಗೆ ನಡೆಯಿರಿ

ಮನೆ ಹಾನಿ ಸರ್ವೆಗೆ ಗ್ರಾಮ ಆಡಳಿತ ಅಧಿಕಾರಿ, ಪಿಡಿಓ, ಇಂಜಿನಿಯರ್ ಬರುತ್ತಾರೆ. ನಿಮ್ಮ ನೋಟ್‌ಬುಕ್ ಹಿಡಿದು ಇಬ್ಬರು ಕೊನೆ ಮನೆ ತನಕ ಜೊತೆಗೆ ಹೋಗಿ. ಜಗಳಕ್ಕಲ್ಲ, ದಾರಿ ತೋರಿಸಲು. ಎಷ್ಟು ಪಾಲು ಹಾನಿ ಅಂತ ಬರೆದರು, ಯಾವ ವರ್ಗಕ್ಕೆ ಹಾಕಿದರು ಅಂತ ಅಲ್ಲೇ ಕೇಳಿ ಬರೆದುಕೊಳ್ಳಿ. 2019ರಲ್ಲಿ ಎ, ಬಿ, ಸಿ ಅಂತ ಮೂರು ವರ್ಗ ಮಾಡಿದ್ದರು. ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು, ಕಟ್ಟಿದ ಹಾಗೆ ಕಂತಿನಲ್ಲಿ ಬರುತ್ತಿತ್ತು. ತಕ್ಷಣದ ಖರ್ಚಿಗೆ ಮನೆಗೆ 10,000 ಅಂತ ಕೊಟ್ಟಿದ್ದರು. ಪ್ರತಿ ಸಲ ಆದೇಶ ಬದಲಾಗುತ್ತದೆ, ಹಾಗಾಗಿ ಹೋದ ಸಲದ ಲೆಕ್ಕ ಹಿಡಿದು ಸಾಲ ಮಾಡಬೇಡಿ.

ವರ್ಗ ತಪ್ಪಾಗಿದೆ ಅನ್ನಿಸಿದರೆ ಬಾಯಲ್ಲಿ ಹೇಳಿ ಬರಬೇಡಿ. ಕಸಬರಿಗೆ ಮುಟ್ಟುವ ಮೊದಲು ತೆಗೆದ ಫೋಟೋ ಅಂಟಿಸಿ ತಹಸೀಲ್ದಾರರಿಗೆ ಅರ್ಜಿ, ಕೈಯಲ್ಲಿ ಸ್ವೀಕೃತಿ. ನಾವು ಹನ್ನೊಂದು ಮನೆಯವರ ಅರ್ಜಿ ಒಟ್ಟಿಗೆ ಒಯ್ದಿದ್ದೆವು, ಒಬ್ಬೊಬ್ಬರೇ ಹೋಗಿದ್ದರೆ ಗೇಟಿನಲ್ಲೇ ನಾಳೆ ಬಾ ಅಂತಿದ್ದರು.

ಮಂಜೂರಾದ ದುಡ್ಡು ಬಾರದೇ ಇರೋದಕ್ಕೆ ನಾವು ಕಂಡ ದೊಡ್ಡ ಕಾರಣ, ಖಾತೆಗೆ ಆಧಾರ್ ಜೋಡಣೆ ಆಗದೇ ಇರೋದು. ಪಾಸ್‌ಬುಕ್ ಇದೆ ಅಂದರೆ ಜೋಡಣೆ ಆಗಿದೆ ಅಂತಲ್ಲ. ಬ್ಯಾಂಕಿಗೆ ಹೋಗಿ ಕೇಳಿ. ಹೊಲದ ಬೆಳೆ ಪರಿಹಾರಕ್ಕೆ ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತನ ನೋಂದಣಿ ನಂಬರ್) ಬೇಕು, ಎಲ್ಲ ಸರ್ವೆ ನಂಬರ್ ಅದರಲ್ಲಿ ಸೇರಿವೆಯಾ ನೋಡಿಸಿ. ಬೆಳೆ ವಿಮೆ ಕಟ್ಟಿದ್ದರೆ ಕಾಯಬೇಡಿ, ಹಾನಿಯಾದ 72 ತಾಸಿನೊಳಗೆ ತಿಳಿಸಬೇಕು, ನಂಬರ್ 14447. ಕಾಗದ ಕಳೆದುಕೊಂಡವರ ಪಟ್ಟಿ ನೋಟ್‌ಬುಕ್ಕಿನಿಂದ ತೆಗೆದು, ಊರಲ್ಲೇ ಒಂದು ದಿನ ಕ್ಯಾಂಪ್ ಮಾಡಿ ಅಂತ ತಹಸೀಲ್ದಾರರನ್ನು ಕೇಳಿ. ರೇಷನ್ ಕಾರ್ಡಿಗೆ ಒಂದು ಸಲ, ಉತಾರಕ್ಕೆ ಒಂದು ಸಲ, ಆಧಾರ್‌ಗೆ ಒಂದು ಸಲ ಅಂತ ಅರವತ್ತು ಜನ ಮುಧೋಳಕ್ಕೆ ಅಡ್ಡಾಡಿದರೆ ಎಷ್ಟು ಕೂಲಿ ಹೋಯಿತು, ಲೆಕ್ಕ ಹಾಕಿ.

ಗೋಡೆ ಒಣಗಲಿ

ಕೈಯಲ್ಲಿ ಒಂದು ಕಂತು ಬಂದ ಕೂಡಲೇ ಸಿಮೆಂಟ್ ಗಿಲಾವು ಮಾಡಿಸಬೇಡಿ. ಹಸಿ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ, ಮುಂದಿನ ಮಳೆಗಾಲದಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಒಂದು ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿ ಗೋಡೆಗೆ ಅಂಟಿಸಿ. ಬೆಳಗ್ಗೆ ಒಳಗೆ ಹನಿ ಕಂಡರೆ ಗೋಡೆ ಇನ್ನೂ ಹಸಿ. ನಮ್ಮ ಗೌಂಡಿ ಕಾಕಾ "ದೀಪಾವಳಿ ತನಕ ಕೈ ಕಟ್ಕೊಂಡು ಕೂಡ್ರಿ" ಅಂದ. ಕೂತವರ ಗೋಡೆ ಇವತ್ತೂ ನಿಂತಿದೆ.

ಊರೇ ಬಿಟ್ಟು ಮೇಲೆ ಹೋಗೋಣ ಅನ್ನೋ ಮಾತು ಪ್ರತಿ ಸಲ ಬರುತ್ತದೆ. 2009ರ ನೆರೆ ಆದ ಮೇಲೆ ಆಸರೆ ಅಂತ ಪುನರ್ವಸತಿ ಮನೆ ಕಟ್ಟಿದರು, ಎಷ್ಟೋ ಕಡೆ ಅವು ಖಾಲಿ ಬಿದ್ದವು. ದನ ಕಟ್ಟಲು ಜಾಗ ಇಲ್ಲ, ಹೊಲ ದೂರ, ಕಣ ಇಲ್ಲ ಅಂದರೆ ರೈತ ಅಲ್ಲಿ ಹೇಗೆ ಇರಬೇಕು? ಸ್ಥಳಾಂತರದ ಮಾತು ಬಂದಾಗ ಬೇಡ ಅಂತಲೂ ಹೂಂ ಅಂತಲೂ ಅವಸರದಲ್ಲಿ ಅನ್ನಬೇಡಿ. ಹೊಸ ಜಾಗವನ್ನು ಓಣಿಯವರೆಲ್ಲ ಒಮ್ಮೆ ನಡೆದು ನೋಡಿ, ಹೆಣ್ಣುಮಕ್ಕಳನ್ನೂ ಕರೆದುಕೊಂಡು. ನೀರು, ದನದ ಕೊಟ್ಟಿಗೆ, ಶಾಲೆ, ಹೊಲಕ್ಕೆ ದಾರಿ, ಮನೆ ಯಾರ ಹೆಸರಿಗೆ, ಇಷ್ಟು ಕೇಳಿ ಬರೆಸಿಕೊಂಡು ಆಮೇಲೆ ಮಾತು.

ಮಕ್ಕಳನ್ನು ಆದಷ್ಟು ಬೇಗ ಶಾಲೆಗೆ ಕಳಿಸಿ, ಕಟ್ಟಡ ಇಲ್ಲದಿದ್ದರೆ ಗುಡಿಯಲ್ಲಾದರೂ ಕೂರಿಸಿ. ಮಾತು ನಿಲ್ಲಿಸಿದವರು, ಸಾಲದ ಚಿಂತೆಯಲ್ಲಿ ಊಟ ಬಿಟ್ಟವರು ಇದ್ದರೆ ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.

ಎಲ್ಲ ಮುಗಿದ ಮೇಲೆ ನೋಟ್‌ಬುಕ್ ಎಸೆಯಬೇಡಿ. ಗುಡಿಯ ಕಲ್ಲುಕಂಬದ ಮೇಲೆ ನಾವು ಮೂರೂ ನೆರೆಯ ಗೆರೆ ಎಳೆದು ವರ್ಷ ಬರೆದಿದ್ದೇವೆ. ಪ್ರತಿ ಜೂನ್‌ನಲ್ಲಿ ಕಾರ ಹುಣ್ಣಿಮೆ ಆದ ಮೇಲೆ ಒಂದು ಸಂಜೆ ಕೂತು ಒಲೆಗಳನ್ನು ಮತ್ತೆ ಎಣಿಸುತ್ತೇವೆ, ಹೊಸ ಸೊಸೆ ಬಂದಳು, ಬಾಡಿಗೆಯವರು ಹೋದರು, ನಂಬರ್ ಬದಲಾಯಿತು ಅಂತ. ರಾತ್ರಿ ಹೊಳೆ ಏರಿದರೆ ಯಾರು ಯಾರನ್ನು ಎಬ್ಬಿಸಬೇಕು ಅನ್ನೋದನ್ನೂ ಅದರಲ್ಲೇ ಬರೆದಿದ್ದೇವೆ, ಜಿಲ್ಲಾ ವಿಪತ್ತು ಸಹಾಯವಾಣಿ 1077 ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇದೆ. ನೋಟ್‌ಬುಕ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಡೋದು ಚಿಗವ್ವನ ಕೆಲಸ. ಅವಳ ಹೆಸರು ಈಗ ಮೊದಲ ಪುಟದ ಮೊದಲ ಸಾಲಿನಲ್ಲಿದೆ, ಅವಳೇ ನಿಂತು ಬರೆಸಿಕೊಂಡಿದ್ದಾಳೆ.